ಸೂಜಿಗೆ ಸೋಲದ ಓಟಗಾರ

"ಗುರುಗಳೇ, ತಾವು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಿದ್ದೇನೆ. ಒಂದಾದರೂ ತಪ್ಪಿದೆಯೇ?" ಎಂದು ಚೆನ್ನವೀರ ಕೇಳಿದ.

"ಇಲ್ಲ" ಎಂದರು ಗುರುಗಳು.

"ಹಾಗಾದರೆ ನನ್ನನ್ನು ಯಾಕೆ ಕಳಿಸುತ್ತಿಲ್ಲ?"

ಹೊಳೆಯಾಚೆಯ ಊರಿನ ಜನ ತಮಗೊಬ್ಬ ಬೋಧಕ ಬೇಕೆಂದು ಮಠಕ್ಕೆ ಬಂದು ಕೇಳಿಕೊಂಡಿದ್ದರು. ಮಠದಲ್ಲಿ ಓದಿದವರ ಪೈಕಿ ಚೆನ್ನವೀರನೇ ಮುಂದು. ತಾನೇ ಹೋಗಬೇಕೆಂದು ಅವನ ಮನಸ್ಸು. ಅವನು ಅಪ್ಪಣೆ ಕೇಳಿದಾಗಲೆಲ್ಲ ಗುರುಗಳು ಒಂದು ಪ್ರಶ್ನೆ ಹಾಕುತ್ತಿದ್ದರು. ಅವನು ತಡವರಿಸದೆ ಉತ್ತರ ಹೇಳುತ್ತಿದ್ದ. ಗುರುಗಳು "ಸರಿ" ಎಂದು ಎದ್ದು ಹೋಗುತ್ತಿದ್ದರು. ಆ ದಿನ ಅವನು ಬಾಗಿಲಿಗೆ ಅಡ್ಡವಾಗಿ ಕೂತಿದ್ದ.

"ಬಾಗಿಲು ಹಿಡಿದು ಕೂತಿದ್ದೀಯ. ಇನ್ನು ನಾನು ಎದ್ದು ಹೋಗುವ ಹಾಗಿಲ್ಲ" ಎಂದು ಗುರುಗಳು ನಕ್ಕರು. "ಒಂದು ಕತೆ ಹೇಳುತ್ತೇನೆ. ನಡುವೆ ಪ್ರಶ್ನೆ ಕೇಳಬೇಡ. ನಡುವೆ ಉತ್ತರವನ್ನೂ ಹೇಳಬೇಡ. ನಿನಗೆ ಎರಡನೆಯದೇ ಕಷ್ಟ, ಆದರೂ ಪ್ರಯತ್ನ ಮಾಡು."

ಗುರುಗಳು ಹೇಳಿದ ಕತೆ ಇದು.

ಉತ್ತರದಲ್ಲಿ, ಹಿಮ ಬೀಳುವ ಬೆಟ್ಟಗಳ ನಡುವೆ ಒಂದು ಊರಿತ್ತು. ನಾನು ಆ ಊರನ್ನು ಕಂಡವನಲ್ಲ. ಆ ಕಡೆ ತಿರುಗುವಾಗ ಒಬ್ಬ ಕಂಬಳಿ ವ್ಯಾಪಾರಿ ಹೇಳಿದ್ದು. ವ್ಯಾಪಾರಿಯ ಮಾತು, ಅರ್ಧ ಸುಳ್ಳಿರಬಹುದು. ಯಾವ ಅರ್ಧ ಎಂದು ನಾನು ಹುಡುಕಲು ಹೋಗಿಲ್ಲ.

ಊರಿನ ಮೇಲೆ ಬೆಟ್ಟ, ಆ ಬೆಟ್ಟದ ಮೇಲೆ ಇನ್ನೊಂದು ಬೆಟ್ಟ, ಅದರ ನೆತ್ತಿಯ ಹತ್ತಿರ ಒಂದು ಸರೋವರ. ವರ್ಷದಲ್ಲಿ ಬಹುಕಾಲ ಅದು ಹೆಪ್ಪುಗಟ್ಟಿರುತ್ತದೆ. ಬೇಸಿಗೆಯ ಮೊದಲಿಗೆ ಹೆಪ್ಪು ಒಡೆಯುತ್ತದೆ. ನೀರು ತೊರೆಯಾಗಿ ಕೆಳಗಿಳಿಯುತ್ತದೆ. ಊರಿನ ಹೊಲಗಳಿಗೆ ಅದೊಂದೇ ನೀರು. ಆ ನಾಡಿನಲ್ಲಿ ಬೇಸಿಗೆ ಗಿಡ್ಡ. ಮೊದಲು ನೀರು ಕುಡಿದ ಹೊಲದ ಜವೆ ಗೋಧಿ ಹಿಮ ಬೀಳುವ ಮುಂಚೆ ತೆನೆ ಕಟ್ಟುತ್ತದೆ. ಕೊನೆಗೆ ಕುಡಿದ ಹೊಲದ್ದು ಕಟ್ಟಿದರೆ ಕಟ್ಟಿತು, ಇಲ್ಲದಿದ್ದರೆ ದನಕ್ಕೆ ಹುಲ್ಲು.

ಮೊದಲ ನೀರು ಯಾರ ಹೊಲಕ್ಕೆ ಎಂದು ವರ್ಷ ವರ್ಷ ಬಡಿದಾಡಬಾರದಲ್ಲ. ಅದಕ್ಕೆ ಹಿಂದಿನವರು ಒಂದು ಕಟ್ಟಳೆ ಮಾಡಿದ್ದರು. ಹೆಪ್ಪು ಒಡೆದ ಸುದ್ದಿ ಬಂದ ಮರುದಿನ ಮನೆಗೊಬ್ಬರಂತೆ ಓಡಬೇಕು. ಸರೋವರದವರೆಗೆ ಓಡಿ, ಗಿಂಡಿಯಲ್ಲಿ ನೀರು ತುಂಬಿಕೊಂಡು, ಓಡುತ್ತಲೇ ಇಳಿದು ಬಂದು, ಊರ ಕಾಲುವೆಯ ಬಾಯಲ್ಲಿ ಸುರಿಯಬೇಕು. ಯಾರು ಮೊದಲು ಸುರಿದರೋ ಅವರ ಹೊಲಕ್ಕೆ ಆ ವರ್ಷ ಮೊದಲ ನೀರು.

ದಾರಿ ಸುಲಭದ್ದಲ್ಲ. ಮೊದಲು ಕಾಡು, ಆಮೇಲೆ ಬಂಡೆ, ಬಂಡೆ ದಾಟಿದರೆ ಜಾರುವ ಕಲ್ಲುಚೂರುಗಳ ಇಳಿಜಾರು. ಅಲ್ಲಿ ಕಾಲಿಟ್ಟ ಕಲ್ಲು ಕಾಲಿನ ಜೊತೆಗೇ ಹೊರಡುತ್ತದೆ. ಹೊಸಬನು ದೊಡ್ಡ ಹೆಜ್ಜೆ ಹಾಕುತ್ತಾನೆ, ಬೀಳುತ್ತಾನೆ. ಬಲ್ಲವನು ಚಿಕ್ಕ ಹೆಜ್ಜೆ ಹಾಕಿ, ಕಲ್ಲು ಕದಲುವ ಮುಂಚೆ ಕಾಲೆತ್ತುತ್ತಾನೆ. "ಹತ್ತುವಾಗ ಎದೆಯ ಮಾತು ಕೇಳು, ಇಳಿಯುವಾಗ ಮೊಣಕಾಲಿನ ಮಾತು ಕೇಳು" ಎಂದು ಅಲ್ಲಿ ಹಿರಿಯರು ಹೇಳಿಕೊಡುತ್ತಾರೆ. ಆದರೂ ಕೈಕಾಲು ಮುರಿದುಕೊಂಡವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ.

ಆದರೆ ಓಟದಲ್ಲಿ ಸತ್ತವರು ಕಲ್ಲಿನಿಂದ ಸತ್ತದ್ದಲ್ಲ. ಮೇಲೆ ಹೋದಂತೆ ಗಾಳಿ ತೆಳುವಾಗುತ್ತದೆ. ಅವಸರದಿಂದ ಏರಿದವನಿಗೆ ಅದು ಸಾಲದು. ಆಗ ಅವನನ್ನು 'ಬೆಟ್ಟ ಹಿಡಿಯಿತು' ಎನ್ನುತ್ತಾರೆ. ಮೊದಲು ತಲೆ ಭಾರವಾಗುತ್ತದೆ. ಆಮೇಲೆ ತಲೆಭಾರ ಮರೆತು ಒಂದು ಬಗೆಯ ಸುಖವಾಗುತ್ತದೆ. ಎಲ್ಲಿದ್ದೇನೆ, ಯಾಕೆ ಬಂದೆ ಎಂಬುದು ಸಡಿಲವಾಗುತ್ತದೆ. ಬೆಟ್ಟ ಹಿಡಿದವನಿಗೆ ಬೆಟ್ಟ ಹಿಡಿದದ್ದು ತಿಳಿಯುವುದಿಲ್ಲ. ಕುಡಿದವನನ್ನು ಕುಡಿದಿದ್ದೀಯಾ ಎಂದು ಕೇಳಿ ನೋಡು, ಅವನು ಏನು ಹೇಳುತ್ತಾನೋ ಇವನೂ ಅದನ್ನೇ ಹೇಳುತ್ತಾನೆ. ಆಗಲೇ ತಿರುಗಿ ಇಳಿದರೆ ಬದುಕುತ್ತಾನೆ. ಏರಿದರೆ ಇಲ್ಲ.

ಅದಕ್ಕೇ ಕೊನೆಯ ಏರಿನ ಬುಡದಲ್ಲಿ ಒಂದು ಕಲ್ಲಿನ ಗುಡಿಸಲು ಕಟ್ಟಿದ್ದರು. ಓಟದ ದಿನ ಅಲ್ಲಿ ಊರಿನ ಪರವಾಗಿ ಒಬ್ಬರು ಕಾವಲಿರಬೇಕು. ಬೆಟ್ಟ ಹಿಡಿದವರನ್ನು ಅಲ್ಲಿಂದಲೇ ಹಿಂದಕ್ಕೆ ಕಳಿಸಬೇಕು. ಮೊದಮೊದಲು ಕಾವಲಿನವರು "ಹೇಗಿದ್ದೀಯಪ್ಪ?" ಎಂದು ಕೇಳುತ್ತಿದ್ದರಂತೆ. "ಚೆನ್ನಾಗಿದ್ದೇನೆ" ಎನ್ನದವನು ಒಬ್ಬನಾದರೂ ಇದ್ದಾನೆಯೇ? ಕೇಳಿ ಕೇಳಿ ಮೇಲಕ್ಕೆ ಕಳಿಸಿದರು, ಹೆಣ ಹೊತ್ತು ಹೊತ್ತು ತಂದರು.

ಒಂದು ವರ್ಷ ಕಾವಲಿದ್ದ ಹೆಂಗಸು ಹರಿದ ಅಂಗಿ ಹೊಲಿಯುತ್ತಾ ಕೂತಿದ್ದಳು. ವಯಸ್ಸಾದ ಕಣ್ಣು. ಓಡಿ ಬಂದವನ ಕೈಗೆ ಸೂಜಿ ದಾರ ಕೊಟ್ಟು, "ಇದೊಂದು ಪೋಣಿಸಿ ಕೊಟ್ಟು ಹೋಗಪ್ಪ" ಎಂದಳು. ಅವನು ಗಟ್ಟಿಮುಟ್ಟಾದ ಆಳು. ದಾರ ಸೂಜಿಯ ಕಣ್ಣಿನ ಆಚೆಗೊಮ್ಮೆ ಈಚೆಗೊಮ್ಮೆ ಹೋಯಿತು, ಒಳಗೆ ಹೋಗಲಿಲ್ಲ. ಅವನಿಗೆ ಸಿಟ್ಟು ಬಂತು. ಸೂಜಿ ಎಸೆದ. ಅವಳಿಗೆ ಅನುಮಾನ ಬಂದು ಅವನ ರಟ್ಟೆ ಹಿಡಿದು ಕೆಳಗಿಳಿಸಿದಳು. ಕಾಡಿಗೆ ಬಂದಾಗ ಅವನು ವಾಂತಿ ಮಾಡಿ, ತಲೆ ಹಿಡಿದುಕೊಂಡು, ತಾನು ಎಲ್ಲಿದ್ದೇನೆಂದು ಕೇಳಿದ. ಅವನು ಬದುಕಿದ.

ಅಂದಿನಿಂದ ಸೂಜಿಯೇ ಕಟ್ಟಳೆಯಾಯಿತು. ಗುಡಿಸಲಿನ ಮುಂದೆ ನಿಂತು ಪೋಣಿಸಬೇಕು. ಪೋಣಿಸಿದವನು ಮೇಲಕ್ಕೆ, ದಣಿವಾರಿಸಿಕೊಂಡು ಇನ್ನೊಮ್ಮೆ ನೋಡಿದರೂ ತಪ್ಪಿದವನು ಕೆಳಕ್ಕೆ. ತಪ್ಪಿದವನನ್ನು ಯಾರೂ ಆಡಿಕೊಳ್ಳಬಾರದು. 'ಇವತ್ತು ಸೂಜಿ ಬೇಡವೆಂದಿತು' ಎಂದಷ್ಟೇ ಹೇಳಬೇಕು. ಬಹುಕಾಲ ಹಾಗೆ ನಡೆಯಿತು. ಗುಡಿಸಲಿನಿಂದ ಮೇಲೆ ಹೋಗಿ ಸಾಯುವುದು ನಿಂತಿತು.

ಆ ಊರಿನಲ್ಲಿ ಒಬ್ಬ ಓಟಗಾರನಿದ್ದ. ಅವನಷ್ಟು ಬಿರುಸಾಗಿ ಏರುವವರು ಇರಲಿಲ್ಲ. ಅವನ ಹೊಲ ಬೆಟ್ಟದ ನೆರಳಿನ ಬದಿಗಿತ್ತು. ಹಿಮ ಬೀಳುವುದು ಮೊದಲು ಅಲ್ಲಿಯೇ. ಆದ್ದರಿಂದ ಮೊದಲ ನೀರು ಬೇರೆಯವರಿಗೆ ಬೇಕಾಗಿತ್ತು, ಅವನಿಗೆ ಬೇಕೇ ಬೇಕಾಗಿತ್ತು. ಮದುವೆಯಾದ ವರ್ಷ ಅವನು ಎಲ್ಲರಿಗಿಂತ ಮುಂದೆ ಗುಡಿಸಲು ಮುಟ್ಟಿದ. ಸೂಜಿ ಬೇಡವೆಂದಿತು. ಮರುವರ್ಷವೂ ಮುಂದೆ ಬಂದ. ಮತ್ತೆ ಬೇಡವೆಂದಿತು. ಎರಡು ವರ್ಷವೂ ಅವನ ಬೆಳೆ ತೆನೆ ಕಟ್ಟಲಿಲ್ಲ.

ಆಗ ಕಾವಲಿಗಿದ್ದವಳು ಅವನ ಸೋದರತ್ತೆ. ಊರಿನವರು ನಿಷ್ಠುರಕ್ಕೆ ಹೆದರದವಳೆಂದು ಅವಳನ್ನು ಇಟ್ಟಿದ್ದರು. ತಾಯಿ ಇಲ್ಲದ ಹುಡುಗನನ್ನು ಸಾಕಿದವಳೂ ಅವಳೇ. ಹಿಂದಕ್ಕೆ ಕಳಿಸಿದಾಗ ಎರಡು ಸಲವೂ ಅವಳು ಸಂಕಟಪಟ್ಟಳು. ಓಟಗಾರನ ಹೆಂಡತಿ ಅವಳೊಂದಿಗೆ ಮಾತು ಬಿಟ್ಟಳು. "ಪರರ ಮಕ್ಕಳು ಮೇಲೆ ಹೋಗಬಹುದು, ನಮ್ಮವರು ಮಾತ್ರ ಬೇಡ" ಎಂದು ನೀರಿನ ಹತ್ತಿರ ನಾಲ್ಕು ಜನಕ್ಕೆ ಕೇಳುವಂತೆ ಹೇಳಿದಳು. ಅತ್ತೆ ಕೇಳಿಸಿಕೊಂಡಳು. ಕೊಡ ತುಂಬಿಕೊಂಡು ಮನೆಗೆ ಹೋದಳು.

ಎರಡನೆಯ ವರ್ಷ ಇಳಿದು ಬಂದ ಮೇಲೆ ಓಟಗಾರ ಬಹಳ ಯೋಚಿಸಿದ. ಹೆಂಡತಿಗೆ ಹೇಳಿದ: "ನನ್ನ ಕಾಲು ಗೆದ್ದಿತು, ಎದೆ ಗೆದ್ದಿತು. ಸೋತದ್ದು ಬೆರಳು. ಬೆರಳನ್ನು ಪಳಗಿಸಬೇಕು."

ಹೆಂಡತಿಗೂ ಅದು ಸರಿ ಎನಿಸಿತು. ಊರಿನಲ್ಲಿ ಯಾರನ್ನು ಕೇಳಿದ್ದರೂ ಸರಿ ಎನ್ನುತ್ತಿದ್ದರು. ನೀನೂ ಎನ್ನುತ್ತಿದ್ದೆ.

ಆ ಚಳಿಗಾಲವೆಲ್ಲ ಅವನು ಸೂಜಿ ಪೋಣಿಸಿದ. ಕೂತು ಪೋಣಿಸಿದ, ನಿಂತು ಪೋಣಿಸಿದ, ಕಣ್ಣು ಮುಚ್ಚಿ ಪೋಣಿಸಿದ. ಹಿಮದಲ್ಲಿ ಕೈ ಹೂತು, ಬೆರಳು ಮರಗಟ್ಟಿದ ಮೇಲೆ ಪೋಣಿಸಿದ. ಮನೆಯ ಹಿಂದಿನ ದಿಣ್ಣೆಯನ್ನು ಓಡಿ ಹತ್ತುತ್ತಿದ್ದ. ದಿಣ್ಣೆಯ ಮೇಲೆ ಹೆಂಡತಿ ಸೂಜಿ ಹಿಡಿದು ನಿಂತಿರುತ್ತಿದ್ದಳು. ಏದುಸಿರು ಬಿಡುತ್ತಲೇ ಪೋಣಿಸಿ, ಇಳಿದು, ಮತ್ತೆ ಹತ್ತುತ್ತಿದ್ದ. ಉಣ್ಣುವಾಗ ಅವಳು ಇದ್ದಕ್ಕಿದ್ದಂತೆ ಸೂಜಿ ಚಾಚುತ್ತಿದ್ದಳು. ತುತ್ತು ಬಾಯಲ್ಲಿರುವಾಗಲೇ ಪೋಣಿಸುತ್ತಿದ್ದ. ಇಬ್ಬರೂ ನಗುತ್ತಿದ್ದರು. ಆ ಚಳಿಗಾಲ ಅವರ ಸಂಸಾರದಲ್ಲಿ ಸುಖದ ಕಾಲ ಎಂದು ವ್ಯಾಪಾರಿ ಹೇಳಿದ. ಇದು ಸುಳ್ಳಿನ ಅರ್ಧವಲ್ಲ ಎಂದುಕೊಂಡಿದ್ದೇನೆ.

ಚಳಿಗಾಲ ಕಳೆಯುವಷ್ಟರಲ್ಲಿ ಅವನ ಬೆರಳುಗಳಿಗೆ ಅವನೇ ಬೇಕಾಗಿರಲಿಲ್ಲ. ಅವನು ಬೇರೆ ಕಡೆ ನೋಡುತ್ತ, ಬೇರೆ ಮಾತಾಡುತ್ತ ಇದ್ದರೂ ಅವು ತಮ್ಮ ಪಾಡಿಗೆ ಕೆಲಸ ಮುಗಿಸುತ್ತಿದ್ದವು. ಹಾಡಿ ಹಾಡಿ ರಾಗ ಎನ್ನುತ್ತಾರಲ್ಲ, ಹಾಗೆ. ಊರಿನವರು ನೋಡಿ ತಲೆದೂಗಿದರು. "ಛಲ ಅಂದರೆ ಇದು" ಎಂದರು.

ಹೆಪ್ಪು ಒಡೆಯಿತು. ಮರುದಿನ ಬೆಳಗ್ಗೆ ಎಲ್ಲರೂ ಹೊರಟರು. ಓಟಗಾರ ಕಾಡು ದಾಟುವಾಗಲೇ ಮುಂದಾದ. ಬಂಡೆಗಳ ಮೇಲೆ ಅವನ ಬೆನ್ನು ಇತರರಿಗೆ ಕಾಣಿಸುತ್ತಿತ್ತು. ಕಲ್ಲುಚೂರಿನ ಇಳಿಜಾರಿಗೆ ಬರುವ ಹೊತ್ತಿಗೆ ಅದೂ ಕಾಣಿಸಲಿಲ್ಲ. ಹಿಂದಿನ ಎರಡು ವರ್ಷಗಳಿಗಿಂತ ಜೋರಾಗಿ ಏರಿದ. ಈ ಸಲ ಅವನಿಗೆ ಸೂಜಿಯ ಭಯ ಇರಲಿಲ್ಲ. ಆ ಭಯವಿದ್ದಾಗ ಏರಿನ ಕೊನೆಯಲ್ಲಾದರೂ ಸ್ವಲ್ಪ ನಿಧಾನ ಮಾಡುತ್ತಿದ್ದ.

ಅತ್ತೆ ಗುಡಿಸಲಿನ ಮುಂದೆ ನಿಂತಿದ್ದಳು. ಸೂಜಿ ದಾರ ಕೊಟ್ಟಳು. ಅವಳು ಕೈ ಹಿಂದಕ್ಕೆ ತೆಗೆಯುವಷ್ಟರಲ್ಲಿ ಅವನು ಪೋಣಿಸಿಯಾಗಿತ್ತು.

ಅವಳಿಗೆ ಆದ ಸಂತೋಷ ಹೇಳತೀರದು. ಈ ವರ್ಷವೂ ತಾನು ಅವನಿಗೆ ಬೇಡವೆನ್ನಬೇಕಾಗುತ್ತದೋ ಏನೋ ಎಂದು ಅವಳು ಅನ್ನ ಸೇರದೆ ಕೂತಿದ್ದಳು. "ಹೋಗಿ ಬಾ ನನ್ನಪ್ಪ" ಎಂದಳು.

"ಬರ್ತೀನಿ ಅವ್ವಾ" ಎಂದು ಅವನು ಓಡಿದ.

ಹುಟ್ಟಿದಂದಿನಿಂದ ಅವನು ಅವಳನ್ನು ಅತ್ತೆ ಎಂದೇ ಕರೆದವನು. ಅವ್ವ ಎಂದು ಕರೆದದ್ದು ಆವತ್ತೇ. ಅವಳ ಕಣ್ಣಲ್ಲಿ ನೀರು ಬಂತು. ಸಾಕಿದ ಋಣವನ್ನು ಹುಡುಗ ಈಗ ಬಾಯಿಬಿಟ್ಟು ಹೇಳಿದ ಎಂದುಕೊಂಡಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು.

ಎರಡನೆಯವನು ಬಂದ. ಅವನ ದಾರ ಒಮ್ಮೆ ತಪ್ಪಿತು. ಅವನು ಕೂತು, ನೀರು ಕುಡಿದು, ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಕೇಳಿ ಪೋಣಿಸಿದ. ಆಮೇಲೆ ನಿಧಾನವಾಗಿ ಏರಿದ.

ಸರೋವರದ ದಡದಲ್ಲಿ ಓಟಗಾರ ಕೂತಿದ್ದುದು ಅವನಿಗೆ ಕಾಣಿಸಿತು. ಪಕ್ಕದಲ್ಲಿ ಗಿಂಡಿ ಇತ್ತು, ತುಂಬಿತ್ತು. ಉಣ್ಣೆಯ ಅಂಗಿಯನ್ನು ಕಳಚಿ, ಮನೆಯಲ್ಲಿ ಮಡಿಸಿಡುವಂತೆ ಮಡಿಸಿ ಕಲ್ಲಿನ ಮೇಲೆ ಇಟ್ಟಿದ್ದ. ಗಾಳಿ ಬೀಸುತ್ತಿತ್ತು.

"ಇಲ್ಲೇನು ಮಾಡುತ್ತಿದ್ದೀಯ? ಗೆದ್ದಿದ್ದೀಯಲ್ಲ, ಏಳು, ಇಳಿ" ಎಂದು ಎರಡನೆಯವನು ಕೂಗಿದ.

"ಸೆಕೆ ಕಣೋ" ಎಂದ ಓಟಗಾರ. "ಊಟಕ್ಕೆ ಕರೀತಾರೆ, ಆಗ ಏಳೋಣ."

ಎರಡನೆಯವನು ಅವನಿಗೆ ಅಂಗಿ ತೊಡಿಸಿ, ಬೆನ್ನಿಗೆ ಹಾಕಿಕೊಂಡು ಇಳಿದ. ಗುಡಿಸಲಿಗೆ ಬಂದಾಗ ಅತ್ತೆ ಓಡಿ ಬಂದು ಅವನ ಮುಖ ಹಿಡಿದು, "ನಾನು ಯಾರು ಹೇಳು" ಎಂದಳು. ಅವನು ನಕ್ಕ. ಹೇಳಲಿಲ್ಲ. ನಿನ್ನ ಹೆಸರೇನು ಎಂದಳು. ಅದನ್ನೂ ಹೇಳಲಿಲ್ಲ. ಅವಳಿಗೆ ಏನು ಮಾಡಬೇಕೋ ತೋಚಲಿಲ್ಲ. ತೋಚದವಳು ಸೂಜಿ ದಾರವನ್ನು ಅವನ ಕೈಗೆ ಕೊಟ್ಟಳು.

ಅವನು ಪೋಣಿಸಿದ. ಮೊದಲ ಸಲಕ್ಕೇ ಪೋಣಿಸಿ, ಅವಳ ಕೈಗೆ ವಾಪಸು ಕೊಟ್ಟ.

ಅವಳು ಬಾಯಿ ಬಡಿದುಕೊಂಡು ಅತ್ತಳು. ಹಿಂದೆ ಬರುತ್ತಿದ್ದ ಓಟಗಾರರು ಒಬ್ಬೊಬ್ಬರಾಗಿ ಅಲ್ಲಿ ನಿಂತರು. ಸರದಿಯ ಮೇಲೆ ಅವನನ್ನು ಹೊತ್ತು ಇಳಿದರು. ಇಳಿಸಿದರೆ ಬದುಕುತ್ತಾರೆ ಎಂಬ ಮಾತಿತ್ತಲ್ಲ. ಬಿರಬಿರನೆ ಇಳಿದರು. ಕಾಡು ಇನ್ನೂ ದೂರವಿರುವಾಗಲೇ ಅವನ ಉಸಿರು ನಿಂತಿತು.

ಆ ವರ್ಷ ಯಾರೂ ಗಿಂಡಿ ತರಲಿಲ್ಲ. ಊರಿನವರು ಕೂತು ಮಾತಾಡಿ, ಮೊದಲ ನೀರನ್ನು ಅವನ ಹೊಲಕ್ಕೇ ಬಿಟ್ಟರು. ನೆರಳಿನ ಬದಿಯ ಆ ಹೊಲ ಹಿಂದೆಂದೂ ಬೆಳೆಯದಷ್ಟು ಬೆಳೆಯಿತು. ಅವನ ಹೆಂಡತಿ ಒಬ್ಬಳೇ ಕೊಯ್ದಳು.

ಕೊಯ್ಲು ಮುಗಿದ ಮೇಲೆ ಅವಳು ಅತ್ತೆಯ ಮನೆಗೆ ಹೋದಳು. ಮಾತು ಬಿಟ್ಟವಳು ಬಾಗಿಲಲ್ಲಿ ನಿಂತದ್ದನ್ನು ಕಂಡು ಅತ್ತೆ ಮಣೆ ಹಾಕಿದಳು. ಅವಳು ಕೂರಲಿಲ್ಲ.

"ಅವರು ಪೋಣಿಸಿದರು ತಾನೇ ಅತ್ತೆ? ಒಂದು ಸಲವೂ ತಪ್ಪಲಿಲ್ಲ ತಾನೇ? ಮತ್ತೆ ಯಾಕೆ ಹೀಗಾಯಿತು?" ಎಂದಳು.

ಅತ್ತೆ ಮಣೆಯನ್ನು ಅವಳ ಹತ್ತಿರಕ್ಕೆ ಸರಿಸಿದಳು. ಆಮೇಲೆ ಹೇಳಿದಳು: "ಪೋಣಿಸಲಿ ಅಂತ ನಾನು ಸೂಜಿ ಕೊಡ್ತಾ ಇರಲಿಲ್ಲಮ್ಮ. ತಪ್ಪೋ ಹಾಗಿದ್ದರೆ ತಪ್ಪಲಿ ಅಂತ ಕೊಡ್ತಿದ್ದೆ. ಅವನಿಗೆ ತಪ್ಪೋದಕ್ಕೆ ಇದ್ದದ್ದು ಅದೊಂದೇ ಜಾಗ. ಅದನ್ನ ನೀನು, ಅವನು, ನಾನು ಎಲ್ಲರೂ ಸೇರಿ ಮುಚ್ಚಿಬಿಟ್ಟೆವು."

ಹೆಂಡತಿ ಆಗ ಮಣೆಯ ಮೇಲೆ ಕೂತಳು. ಇಬ್ಬರೂ ಅತ್ತರು.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ಆಮೇಲೆ ಆ ಊರಿನವರು ಸೂಜಿಯ ಬದಲು ಏನಿಟ್ಟರು ಎಂದು ಚೆನ್ನವೀರನ ಮುಖದಲ್ಲಿ ಪ್ರಶ್ನೆ ಇತ್ತು. "ನನಗೆ ಗೊತ್ತಿಲ್ಲ. ವ್ಯಾಪಾರಿ ಹೇಳಲಿಲ್ಲ, ನಾನು ಕೇಳಲಿಲ್ಲ" ಎಂದರು.

ಚೆನ್ನವೀರ ನೆಟ್ಟಗೆ ಕೂತ. ಕತೆ ಮುಗಿದಿತ್ತು, ಇನ್ನು ಮಾತಾಡಬಹುದಿತ್ತು.

"ಅರ್ಥವಾಯಿತು ಗುರುಗಳೇ" ಎಂದ. "ಸರೋವರವೇ ಪರಮಾರ್ಥ. ಓಟಗಾರನೇ ಸಾಧಕ. ಸೂಜಿ ಎಂದರೆ ಗುರು ಮಾಡುವ ಪರೀಕ್ಷೆ. ಪರೀಕ್ಷೆ ಇರುವುದು ಗೆಲ್ಲುವುದಕ್ಕಲ್ಲ, ತನ್ನನ್ನು ತೋರಿಸಿಕೊಳ್ಳುವುದಕ್ಕೆ. ಅದನ್ನು ಗೆಲ್ಲಲು ಕಲಿತವನು ಪರೀಕ್ಷೆಯನ್ನೂ ಕಳೆದುಕೊಳ್ಳುತ್ತಾನೆ, ತನ್ನನ್ನೂ ಕಳೆದುಕೊಳ್ಳುತ್ತಾನೆ."

ಎಲ್ಲಿಯೂ ತಡವರಿಸದೆ, ಒಂದೇ ಉಸಿರಿಗೆ ಹೇಳಿದ. ಹೇಳಿ, ಗುರುಗಳ ಮುಖ ನೋಡಿದ.

ಗುರುಗಳು ಅವನನ್ನು ದಿಟ್ಟಿಸಿ ನೋಡಿದರು. ಅವರ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಇದೂ ಸರಿಯಾಗಿದೆ, ಚೆನ್ನವೀರ, ನಿನ್ನ ಉತ್ತರಗಳನ್ನು ಬೇಕಾದರೆ ನಾಳೆಯೇ ಆ ಊರಿಗೆ ಕಳಿಸುತ್ತೇನೆ, ನಿನ್ನನ್ನು ಮಾತ್ರ ನಾನಿನ್ನೂ ನೋಡಿಯೇ ಇಲ್ಲ."